ಛತ್ರದಿಂದ ಹೋಟೆಲಿಗೆ

ನಂಜನಗೂಡು ಸೀಮೆಯ ನಮ್ಮ ಹೆಮ್ಮರಗಾಲವು ದೊಡ್ಡ ಊರೇನೂ ಅಲ್ಲ. ಆದರೂ ಇಲ್ಲಿ ನೆಲಸಿರುವ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಹರಕೆ ಹೊತ್ತು ಬರುವ ದಂಪತಿಗಳು ವರ್ಷವೆಲ್ಲ ಇದ್ದೇ ಇರುವರು. ದೇವರ ದರ್ಶನವಾಗಿ, ತೀರ್ಥಪ್ರಸಾದಗಳು ಮುಗಿದು, ಹೊರಗಣ ಜಗಲಿಯಲ್ಲಿ ಕುಳಿತಾಗ ಅವರು ನಮ್ಮನ್ನು ಕೇಳುವ ಪ್ರಶ್ನೆಯು ಪ್ರಾಯಶಃ ಒಂದೇ: “ಇಲ್ಲಿ ಹತ್ತಿರದಲ್ಲಿ ಒಳ್ಳೆಯ ಹೋಟೆಲು ಎಲ್ಲಿದೆ ಸ್ವಾಮಿ?” ಈ ಪ್ರಶ್ನೆಯನ್ನು ಅವರ ಮುತ್ತಜ್ಜಂದಿರು ಕೇಳಿರಲಾರರು. ಕೇಳಿದ್ದರೆ, “ಇಲ್ಲಿ ನಮ್ಮವರ ಮನೆ ಯಾವುದು?” ಎಂದೋ, “ಛತ್ರ ಎಲ್ಲಿದೆ?” ಎಂದೋ ಕೇಳುತ್ತಿದ್ದರು. ‘ನಮ್ಮವರ ಮನೆ’ ಎಂಬ ಮಾತಿನಿಂದ ‘ಒಳ್ಳೆಯ ಹೋಟೆಲು’ ಎಂಬ ಮಾತಿಗೆ ಬರುವಷ್ಟರಲ್ಲಿ ನಮ್ಮ ಸಮಾಜವು ಎಷ್ಟು ದೂರ ನಡೆದುಬಂದಿತೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ. ಮುಚ್ಚಿಹೋದ ಹಳೆಯ ಹೋಟೆಲುಗಳನ್ನು ನೆನೆದು ಮರುಗುವುದು ಈಗ ಎಲ್ಲರಿಗೂ ಅಭ್ಯಾಸವಾಗಿದೆ. ಈ ಲೇಖಕನೂ ಅದಕ್ಕೆ ಹೊರತಲ್ಲ. ಆದರೆ ಮರುಗುವುದಕ್ಕೆ ಮುಂಚೆ ಲೆಕ್ಕವನ್ನು ಸರಿಯಾಗಿ ಒಪ್ಪಿಸಬೇಕಷ್ಟೆ.

ನಮ್ಮ ದೇಶದಲ್ಲಿ ಬೇಯಿಸಿದ ಅನ್ನವನ್ನು ಮಾರುವುದು ಬಹುಕಾಲ ಹೀನವೃತ್ತಿಯೆನಿಸಿದ್ದಿತು. ಅನ್ನವು ದಾನಮಾಡತಕ್ಕ ವಸ್ತು, ವಿಕ್ರಯಿಸತಕ್ಕುದಲ್ಲ ಎಂಬುದು ಹಿರಿಯರ ಭಾವನೆ. ಆದುದರಿಂದ ಅರಸರೂ ಅಧಿಕಾರಿಗಳೂ ವರ್ತಕರೂ ಪುಣ್ಯಾರ್ಥವಾಗಿ ದಾರಿಗಳಲ್ಲಿ ಸಾಲುಮರಗಳನ್ನು ನೆಡಿಸಿದರು, ಅರವಟ್ಟಿಗೆಗಳನ್ನು ಇಡಿಸಿದರು, ಕ್ಷೇತ್ರಗಳಲ್ಲಿ ಛತ್ರಗಳನ್ನು ಕಟ್ಟಿಸಿದರು. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಸುತ್ತಮುತ್ತ ಛತ್ರಗಳು ಎದ್ದುದು ಹೀಗೆಯೇ. ದೊಡ್ಡ ಜಾತ್ರೆಗೆ ಬಂದ ಸಹಸ್ರಾರು ಜನರಿಗೆ ಇವುಗಳೇ ಆಶ್ರಯ. ಇದು ಘನವಾದ ಧರ್ಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಧರ್ಮಕ್ಕೂ ಒಂದು ಪಂಕ್ತಿಕ್ರಮವಿದ್ದಿತು. ಅನೇಕ ಛತ್ರಗಳಲ್ಲಿ ಎಲೆಯ ಮುಂದೆ ಕುಳಿತು ಉಣ್ಣುವ ಅಧಿಕಾರವು ಬ್ರಾಹ್ಮಣರಿಗೆ ಮಾತ್ರ. ಉಳಿದವರಿಗೆ ಅಕ್ಕಿಬೇಳೆಗಳ ಪಡಿ. ಇನ್ನು ಕೆಲವರಿಗೆ ಅದೂ ಇಲ್ಲ. ದಾರಿಯು ಎಲ್ಲರದಾಗಿದ್ದರೂ ದಾರಿಯ ಅನ್ನವು ಎಲ್ಲರದಾಗಿರಲಿಲ್ಲ.

ಈ ಏರ್ಪಾಟನ್ನು ಕದಲಿಸಿದುದು ದಾರಿಯೇ. ದಳವಾಯಿ ದೇವರಾಜಯ್ಯನು 1735ರಲ್ಲಿ ಕಪಿಲಾನದಿಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ ಮೊದಲು ಕಾಲಾಳುಗಳೂ ಎತ್ತಿನ ಗಾಡಿಗಳೂ ನಡೆದುವು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲುದಾರಿಯಾಯಿತು. ಆ ಹಳೆಯ ಸೇತುವೆಯೇ ಬಹುಕಾಲ ರೈಲನ್ನೂ ಹೊತ್ತಿತು. 1926ರಲ್ಲಿ ರೈಲು ಚಾಮರಾಜನಗರವನ್ನು ಮುಟ್ಟಿತು. ಅಷ್ಟರಲ್ಲಿಯೇ ಮೋಟಾರು ಬಸ್ಸುಗಳೂ ಬಂದು, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳ ಮೇಲೆ ಉದಕಮಂಡಲಕ್ಕೆ ಏರುವ ದಾರಿಯೂ, ತಿರುಮಕೂಡಲು ನರಸೀಪುರದ ಸಂಗಮಕ್ಕೆ ಹೋಗುವ ದಾರಿಯೂ ಗಡಿಬಿಡಿಯ ದಾರಿಗಳಾದುವು. ಕೋರ್ಟಿನ ವಾಯಿದೆಗೆ ಹೊರಟ ರೈತನಿಗೂ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೂ, ದವಸದ ವ್ಯಾಪಾರಿಗೂ ಛತ್ರದಲ್ಲಿ ಮಡಿಯುಟ್ಟು ಕಾದು ಕುಳಿತಿರಲು ವೇಳೆಯೆಲ್ಲಿಯದು? ಬಸ್ಸು ನಿಂತಿರುವ ಹದಿನೈದು ನಿಮಿಷದೊಳಗೆ ಬಿಸಿಯಾದುದೇನಾದರೂ ಹೊಟ್ಟೆಗೆ ಬೀಳಬೇಕು. ಈ ಕೊರತೆಯನ್ನು ಕಂಡುಕೊಂಡು ಒಲೆ ಹೂಡಿದವರು ಘಟ್ಟದ ಕೆಳಗಿನವರು.

ಉಡುಪಿಯವರಿಗೇ ಈ ಕಸಬು ಏಕೆ ಒಲಿಯಿತೆಂದು ಕೇಳಬಹುದು. ಶ್ರೀ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ಸ್ಥಾಪಿಸಿದ ಶ್ರೀಕೃಷ್ಣನ ಸನ್ನಿಧಿಯಲ್ಲಿ ಅಷ್ಟಮಠಗಳ ಯತಿಗಳು ಎರಡೆರಡು ವರ್ಷಗಳ ಪರ್ಯಾಯದಿಂದ ಪೂಜೆ ನಡೆಸುವುದನ್ನೂ, ಅಲ್ಲಿ ಅನ್ನಸಂತರ್ಪಣೆಯು ಅವಿಚ್ಛಿನ್ನವಾಗಿ ನಡೆಯುವುದನ್ನೂ ವಾಚಕರು ಬಲ್ಲರು. ಸಾವಿರಾರು ಎಲೆಗಳಿಗೆ ಹೊತ್ತಿಗೆ ಸರಿಯಾಗಿ, ಒಂದೇ ಹದದಲ್ಲಿ ಅಡಿಗೆ ಮಾಡುವ ವಿದ್ಯೆಯು ಶಿವಳ್ಳಿಯ ಬ್ರಾಹ್ಮಣರಲ್ಲಿ ತಲೆತಲಾಂತರದಿಂದ ಬಂದುದು. ವಿದ್ಯೆಯಿದ್ದಿತು, ಆದರೆ ಹೊಲವಿರಲಿಲ್ಲ. ಇದ್ದ ಗದ್ದೆಗಳು ಪಾಲಾಗಿ ಚೂರಾಗಿದ್ದುವು. ಇದರ ಮೇಲೆ 1923ರ ಮಳೆಗಾಲದ ಮಹಾಪ್ರವಾಹವು ದಕ್ಷಿಣ ಕನ್ನಡ ಜಿಲ್ಲೆಯನ್ನು ಹಣ್ಣುಮಾಡಿತು. ಆಗ ಆ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತಾದುದರಿಂದ ಅಲ್ಲಿಯ ಹುಡುಗರಿಗೆ ಮದರಾಸು ತಮ್ಮದೇ ರಾಜಧಾನಿ. ಘಟ್ಟ ಹತ್ತಿದರೆ ಮೈಸೂರು, ಬೆಂಗಳೂರು. ಹಡಗು ಹತ್ತಿದರೆ ಮುಂಬಯಿ. ಹತ್ತು ಹನ್ನೆರಡು ವರ್ಷದ ಹುಡುಗನು ಒಂದು ಪಂಚೆ, ಒಂದು ಟವಲು, ಯಾರೋ ನೆಂಟರಿಗೆ ಬರೆದ ಕಾಗದ, ಇಷ್ಟನ್ನೇ ಹಿಡಿದು ಹೊರಡುತ್ತಿದ್ದನು. ಕರಾವಳಿಯ ಬ್ರಾಹ್ಮಣರ ಮನೆಗಳಲ್ಲಿ ಮಗನನ್ನು ಮುದ್ದಿನಿಂದ ಕರೆಯುವ ‘ಮಾಣಿ’ ಎಂಬ ಶಬ್ದವು ಕನ್ನಡನಾಡಿನಲ್ಲೆಲ್ಲ ಹೋಟೆಲಿನ ಪರಿಚಾರಕನೆಂಬ ಅರ್ಥವನ್ನು ಪಡೆದುದು ಹೀಗೆ. ಒಂದು ಶಬ್ದದ ಅರ್ಥ ಬದಲಾದುದರ ಹಿಂದೆ ಎಷ್ಟು ತಾಯಂದಿರ ಕಣ್ಣೀರಿರಬಹುದೆಂಬುದನ್ನು ನಿಘಂಟುಗಳು ಹೇಳುವುದಿಲ್ಲ.

ಹೀಗೆ ಬಂದವರಲ್ಲಿ ಕೆಲವರ ಚರಿತ್ರೆಯು ಸ್ಮರಣೀಯವಾದುದು. ಕೆ. ಸೀತಾರಾಮರಾಯರು 1921ರಲ್ಲಿ ನಮ್ಮ ಮೈಸೂರಿನಲ್ಲಿಯೇ ಒಂದು ಚಿಕ್ಕ ಹೋಟೆಲನ್ನು ಆರಂಭಿಸಿದರು. ಅದರಿಂದ ಬೆಳೆದುದೇ ದಾಸಪ್ರಕಾಶವೆಂಬ ಸಂಸ್ಥೆ. ಮೈಸೂರಿನ ಗಾಂಧಿಚೌಕದ ಬಳಿಯ ದಾಸಪ್ರಕಾಶವನ್ನು ಅರಿಯದ ಹಳಬರು ಈ ಜಿಲ್ಲೆಯಲ್ಲಿಲ್ಲ. ಘಟ್ಟದ ಮೇಲೆ ಉದಕಮಂಡಲದಲ್ಲಿಯೂ ಅದೇ ಹೆಸರಿನ ಹೋಟೆಲಾದಾಗ, ನಂಜನಗೂಡಿನ ದಾರಿಯ ಎರಡು ತುದಿಗಳಲ್ಲಿಯೂ ಒಂದೇ ಹಲಗೆ ತೂಗಿದಂತಾಯಿತು. 1954ರಲ್ಲಿ ಮದರಾಸಿನ ಪೂನಮಲ್ಲಿ ಹೆದ್ದಾರಿಯ ಮೇಲೆ ಅವರು ಕಟ್ಟಿಸಿದ ವಿಶಾಲವಾದ ಮಂದಿರವು ಆ ನಗರದ ಹೆಗ್ಗುರುತುಗಳಲ್ಲೊಂದೆನಿಸಿದ್ದಿತು. ಮುಂದೆ ಆಗ್ರಾ ನಗರದಲ್ಲಿ, ತಾಜಮಹಲನ್ನು ನೋಡಹೋದ ದಕ್ಷಿಣದ ಯಾತ್ರಿಕನಿಗೂ ಈ ಹೆಸರಿನ ಹೋಟೆಲಿನಲ್ಲಿ ಇಡ್ಲಿ ಸಾಂಬಾರು ದೊರೆಯಿತು.

ಇನ್ನೊಬ್ಬರು ಕಡಂದಲೆಯ ಕೃಷ್ಣರಾಯರು. 1898ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಅಡಿಗೆಮನೆಯ ಕೈಯಾಳಾಗಿ ದುಡಿದು, ಮದರಾಸನ್ನು ಸೇರಿದ ಇವರು 1938ರಲ್ಲಿ ರಾಯಪೇಟೆಯ ‘ವುಡ್‌ಲ್ಯಾಂಡ್ಸ್’ ಎಂಬ ಬಂಗಲೆಯನ್ನು ಬಾಡಿಗೆಗೆ ಹಿಡಿದು ಹೋಟೆಲು ನಡೆಸಿದರು. ಬಂಗಲೆಯ ಇಂಗ್ಲಿಷು ಹೆಸರೇ ಇಡ್ಲಿ ದೋಸೆಗಳ ಹೆಸರಾಯಿತೆಂಬುದು ವಿನೋದದ ಸಂಗತಿ. 1952ರಲ್ಲಿ ಮೈಲಾಪುರದ ಕಡೆ ‘ನ್ಯೂ ವುಡ್‌ಲ್ಯಾಂಡ್ಸ್’ ಆಯಿತು. 1962ರಲ್ಲಿ ಕೆಥೀಡ್ರಲ್ ರಸ್ತೆಯ ಮಗ್ಗುಲ ತೋಟದಲ್ಲಿ ಅವರು ತೆರೆದ ಹೋಟೆಲಂತೂ ಅಪೂರ್ವವಾದುದು: ಮರದ ನೆರಳಿನಲ್ಲಿ ಮೋಟಾರುಗಾಡಿಯನ್ನು ನಿಲ್ಲಿಸಿದರೆ, ಗಾಡಿಯ ಕಿಟಕಿಗೇ ತಟ್ಟೆಯನ್ನು ಸಿಕ್ಕಿಸಿ ತಿಂಡಿ ಬಡಿಸುತ್ತಿದ್ದರು. ಗಾಡಿಯಿಲ್ಲದವರು ಒಳಗೆ ಕುಳಿತು ಒಂದು ಕಾಫಿಯ ಮೇಲೆ ಎರಡು ಗಂಟೆ ಹರಟುತ್ತಿದ್ದರು. ನಾಲ್ವತ್ತಾರು ವರ್ಷ ನಡೆದ ಆ ಹೋಟೆಲು 2008ರಲ್ಲಿ ಮುಚ್ಚಿತು; ಆ ಸ್ಥಳದಲ್ಲಿ 2010ರಿಂದ ಸೆಮ್ಮೊೞಿ ಪೂಂಗಾ ಎಂಬ ಉದ್ಯಾನವಿದೆ. ಮದರಾಸಿನ ದಾಸಪ್ರಕಾಶವೂ ಈಗಿಲ್ಲ.

ಇವೆರಡೂ ಒಬ್ಬೊಬ್ಬ ಯಜಮಾನರ ಹೆಸರಿನ ಮಾಲೆಗಳು. ಇವಕ್ಕಿಂತ ದೊಡ್ಡ ಮಾಲೆಯೊಂದಿದ್ದಿತು. ಅದಕ್ಕೆ ಯಜಮಾನನೂ ಇಲ್ಲ, ಮುಖ್ಯ ಕಚೇರಿಯೂ ಇಲ್ಲ. ಅದುವೇ ‘ಉಡುಪಿ ಹೋಟೆಲು’. ಕೃಷ್ಣಭವನ, ಕೃಷ್ಣವಿಲಾಸ, ಗಣೇಶಭವನ ಮೊದಲಾದ ಹೆಸರುಗಳಿಂದ ಊರೂರಿನ ಬಸ್ಸುನಿಲ್ದಾಣದ ಎದುರಿನಲ್ಲಿ ಇವು ತಲೆಯೆತ್ತಿದುವು. ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಊಟದ ಮನೆಯೂ ಈ ಕುಲದ್ದೇ. ಒಂದಕ್ಕೂ ಇನ್ನೊಂದಕ್ಕೂ ಕಾಗದಪತ್ರಗಳ ಸಂಬಂಧವಿಲ್ಲದಿದ್ದರೂ, ಒಂದರಲ್ಲಿ ಲೋಟ ತೊಳೆದ ಮಾಣಿಯು ಮತ್ತೊಂದರಲ್ಲಿ ಭಟ್ಟನಾಗಿ, ಮೂರನೆಯದನ್ನು ತಾನೇ ತೆರೆಯುತ್ತಿದ್ದನಾದುದರಿಂದ ರುಚಿಯೂ ಕ್ರಮವೂ ಎಲ್ಲೆಡೆಯೂ ಒಂದೇ ಆಗಿದ್ದುವು. ಒಳಹೊಕ್ಕರೆ ಕೃಷ್ಣನ ಪಟ, ಊದುಬತ್ತಿಯ ವಾಸನೆ, ಗಲ್ಲಾದ ಹಿಂದೆ ನಾಮವಿಟ್ಟ ಯಜಮಾನರು, ಗೋಡೆಯ ಮೇಲೆ ತಿಂಡಿಗಳ ದರಪಟ್ಟಿ. ಹಳೆಯ ಛತ್ರದಲ್ಲಿ ಇಲ್ಲದುದೂ ಹೊಸದೂ ಆದ ವಸ್ತುವೆಂದರೆ ಈ ದರಪಟ್ಟಿಯೇ. ಅದು ಬಂದವನ ಗೋತ್ರವನ್ನು ಕೇಳುವುದಿಲ್ಲ. ಇಷ್ಟು ಕೊಟ್ಟರೆ ಇಷ್ಟು ಕೊಡುವೆನೆಂದು ಎಲ್ಲರಿಗೂ ಒಂದೇ ಮಾತು ಹೇಳುತ್ತದೆ.

ಆದರೆ ಆ ಮಾತು ಮೊದಮೊದಲು ಬಾಗಿಲಿನ ಒಳಗೆ ಬಂದವರಿಗೆ ಮಾತ್ರ ಸಲ್ಲುತ್ತಿದ್ದಿತು. ಇದನ್ನು ಮರೆಯುವುದು ಅನ್ಯಾಯ. ಪರಸ್ಥಳದಲ್ಲಿ ಮಡಿವಂತನು ಹೋಟೆಲಿನ ಮೆಟ್ಟಿಲು ಹತ್ತಬೇಕಾದರೆ ಅಡಿಗೆ ಮಾಡಿದವರಾರೆಂಬ ಭರವಸೆ ಬೇಕಾಗಿದ್ದಿತು. ಆದುದರಿಂದ ಹಲಗೆಗಳ ಮೇಲೆ ಜಾತಿಯ ಹೆಸರೇ ಮೊದಲು ಬಂದಿತು. ಬೆಂಗಳೂರಿನ ಲಾಲ್‌ಬಾಗಿನ ಕೋಟೆಯ ರಸ್ತೆಯಲ್ಲಿ ಮಯ್ಯ ಸಹೋದರರು 1924ರಲ್ಲಿ ಸ್ಥಾಪಿಸಿದ, ಇಂದು ಎಂ.ಟಿ.ಆರ್. ಎಂದು ಲೋಕಪ್ರಸಿದ್ಧವಾಗಿರುವ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಣರ ಕಾಫಿ ಕ್ಲಬ್ಬು’. ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಕೋಣೆ, ಇತರರಿಗೆ ಹೊರಪಡಸಾಲೆ; ದಲಿತರಿಗೆ ಬೀದಿ.

ಈ ವಿಷಯದಲ್ಲಿ ಈ ಲೇಖಕನು ಕಣ್ಣಾರೆ ಕಂಡುದೊಂದನ್ನು ಹೇಳಬೇಕಾಗಿದೆ. 1956ನೆಯ ಇಸವಿ ಇರಬೇಕು. ಆಗ ನನಗೆ ಎಂಟು ವರ್ಷ. ತಂದೆಯವರು ಬೆಲ್ಲದ ಲೆಕ್ಕಾಚಾರಕ್ಕೆಂದು ಪೇಟೆಗೆ ಹೊರಟಾಗ ನಾನೂ ಹಟಮಾಡಿ ಗಾಡಿಯೇರಿದೆನು. ಗಾಡಿ ಹೊಡೆದವನು ನಮ್ಮ ಮನೆಯ ಆಳು; ನನ್ನನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಪೇಟೆಯ ಒಂದು ಹೋಟೆಲಿನ ಮುಂದೆ ಗಾಡಿ ನಿಂತಿತು. ಒಳಗಿನಿಂದ ತುಪ್ಪದ ದೋಸೆಯ ಪರಿಮಳ ಬರುತ್ತಿದ್ದಿತು. “ನೀನೂ ಬಾರೋ” ಎಂದು ನಾನು ಅವನ ಕೈಹಿಡಿದೆಳೆದೆನು. ಅವನು ನಕ್ಕು, “ನಾ ಇಲ್ಲೇ ಇರ್ತೀನಿ ಬುದ್ಧಿ, ನೀವು ಹೋಗ್ಬನ್ನಿ” ಎಂದನು. ನಾನು ದೋಸೆ ತಿಂದು ಹೊರಬರುವಾಗ ಅವನು ಹೋಟೆಲಿನ ಪಕ್ಕದ ಗೋಡೆಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿದ್ದನು. ಮೊಳೆಗೆ ತೂಗಹಾಕಿದ್ದ ತಗಡಿನ ಲೋಟವೊಂದನ್ನು ತಾನೇ ತೆಗೆದು ಹಿಡಿದಿದ್ದನು. ಮಾಣಿಯು ಮೇಲಿನಿಂದ ಕಾಫಿ ಹೊಯ್ದನು. ಕುಡಿದಾದ ಮೇಲೆ ಲೋಟವನ್ನು ತಾನೇ ತೊಳೆದು ಮೊಳೆಗೆ ಸಿಕ್ಕಿಸಿದನು. ಆಮೇಲೆ ಸೊಂಟದ ಗಂಟಿನಿಂದ ಚೌಕದ ಎರಡಾಣೆಯ ಬಿಲ್ಲೆಯೊಂದನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟನು. ತಂದೆಯವರು ಒಳಗೆ ಕೊಟ್ಟುದೂ ಕಾಫಿಗೆ ಎರಡಾಣೆಯೇ. ಅವನ ಬಿಲ್ಲೆಯನ್ನು ತೊಳೆಯದೆಯೇ ಗಲ್ಲಾಪೆಟ್ಟಿಗೆಗೆ ಹಾಕಿದರು.

ಅಂದು ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ತಂದೆಯವರೂ ಏನೂ ಅನ್ನಲಿಲ್ಲ. ಆ ಹೋಟೆಲಿನ ಹೆಸರನ್ನು ಹೇಳುವುದು ಅನಾವಶ್ಯಕ, ಏಕೆಂದರೆ ಅಂತಹ ಗೋಡೆಯೂ ಅಂತಹ ಮೊಳೆಯೂ ಎಲ್ಲ ಪೇಟೆಗಳಲ್ಲಿಯೂ ಇದ್ದುವು. ಮನೆಗಳಲ್ಲಿಯೂ ಇದ್ದುವು, ನಮ್ಮ ಮನೆಯಲ್ಲಿಯೂ ಇದ್ದಿತು. ಹೇಳಬೇಕಾದುದು ಇಷ್ಟು: ಅಷ್ಟು ಹೊತ್ತಿಗೆ ಆ ನಡತೆಯು ಅಪರಾಧವಾಗಿ ಹೋಗಿದ್ದಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ ಹದಿನೈದನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದು ವಿಧಿಸಿದೆ. ಹದಿನೇಳನೆಯದು ಅಸ್ಪೃಶ್ಯತೆಯನ್ನೇ ರದ್ದುಮಾಡಿದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಇದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ಪೌರಹಕ್ಕುಗಳ ರಕ್ಷಣೆಯ ಕಾನೂನೆಂದು ಹೆಸರಿಟ್ಟರು. ದೇಶದ ಮೂಲಶಾಸನವನ್ನು ಬರೆಯಲು ಕುಳಿತ ಮಹನೀಯರು ಹೋಟೆಲೆಂಬ ಶಬ್ದವನ್ನು ಅದರೊಳಕ್ಕೆ ಸೇರಿಸಬೇಕಾಯಿತೆಂದರೆ, ಆ ಬಾಗಿಲಿನಲ್ಲಿ ಎಷ್ಟು ಜನ ಎಷ್ಟು ಕಾಲ ನಿಂತಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಕಾನೂನೊಂದರಿಂದಲೇ ಎಲ್ಲವೂ ಆಗಲಿಲ್ಲ. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಪೆರಿಯಾರರ ಅನುಯಾಯಿಗಳು, ಹಲಗೆಯ ಮೇಲಣ ‘ಬ್ರಾಹ್ಮಣ’ ಶಬ್ದವನ್ನು ಅಳಿಸಬೇಕೆಂದು ಒಂದು ಹೋಟೆಲಿನ ಮುಂದೆ ತಿಂಗಳುಗಟ್ಟಲೆ ಸತ್ಯಾಗ್ರಹ ಹೂಡಿ ಸೆರೆಮನೆಗೆ ಹೋದರು. ಹೋಟೆಲಿನ ವ್ಯವಹಾರವೂ ಒಳಗಿನಿಂದ ಬದಲಾಗುತ್ತಿದ್ದಿತು. ಎಂ.ಟಿ.ಆರ್.ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ ಬಂದು, ಅಲ್ಲಿಯ ಊಟದ ಮನೆಗಳ ಶುಚಿತ್ವವನ್ನು ತಮ್ಮಲ್ಲಿಯೂ ತಂದರು. ಪಾತ್ರೆಗಳನ್ನು ಹಬೆಯಿಂದ ಶುದ್ಧಿಮಾಡಿಸಿದರು. ವಿಚಾರಮಾಡಿ ನೋಡಿದರೆ ಇದು ದೊಡ್ಡ ಪರಿವರ್ತನೆ. ಅಡಿಗೆ ಮಾಡಿದವನಾರು ಎಂದು ಕೇಳುತ್ತಿದ್ದ ಗಿರಾಕಿಯು ಅಡಿಗೆಮನೆ ಹೇಗಿದೆ ಎಂದು ಕೇಳಲಾರಂಭಿಸಿದನು. ಮಡಿಯು ಹೋಗಿ ಶುಚಿಯು ಬಂದಿತು. ಆದರೂ ಹಳ್ಳಿಗಳ ಚಹದಂಗಡಿಗಳಲ್ಲಿ ಬೇರೆ ಲೋಟವನ್ನಿಡುವ ಕೆಟ್ಟ ಪದ್ಧತಿಯು ಅಲ್ಲಲ್ಲಿ ಬಹುಕಾಲ ನಡೆದುಬಂದುದನ್ನು ವಾರ್ತಾಪತ್ರಗಳನ್ನು ಓದುವವರು ಬಲ್ಲರು.

ಬಡಿಸಿದವರ ಕಡೆಯ ಲೆಕ್ಕವನ್ನೂ ಇಲ್ಲಿಯೇ ಹೇಳಬೇಕು. ನಾವು ಮೆಚ್ಚಿ ನೆನೆಯುವ ಆ ಚುರುಕಾದ ಮಾಣಿಯು ಶಾಲೆಯಲ್ಲಿರಬೇಕಾದ ಹುಡುಗ. ಬೆಳಗಿನ ನಾಲ್ಕಕ್ಕೆ ಎದ್ದು, ರಾತ್ರಿ ಮೇಜುಗಳನ್ನು ಒರಸಿ, ಅವುಗಳ ಮೇಲೆಯೇ ಮಲಗಿದವನು. ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿ ಇಂತಹ ಎಷ್ಟೋ ಹುಡುಗರಿಗೆ ಅಕ್ಷರ ಕಲಿಸಿದುದು ಪುಣ್ಯಕಾರ್ಯ. ಅವರಲ್ಲಿ ಹಲವರು ಮೇಲೆ ಬಂದರು. ಮೇಲೆ ಬಾರದವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳಿಂದ ಕೆಲಸ ಮಾಡಿಸಕೂಡದೆಂಬ ನಿಷೇಧವು ಜಾರಿಗೆ ಬಂದುದು 2006ರ ಅಕ್ಟೋಬರ್ 10ರಂದು. ನಮ್ಮ ಸವಿನೆನಪಿನ ದೋಸೆಗಳ ಪೈಕಿ ಹೆಚ್ಚಿನವು ಆ ದಿನಕ್ಕಿಂತ ಹಿಂದಿನವು.

ಹಾಗಾದರೆ ಆ ಹೋಟೆಲುಗಳಿಗಾಗಿ ಮರುಗಲು ಏನೂ ಇಲ್ಲವೆ? ಉಂಟು. ಕದವು ನಿಜವಾಗಿ ಎಲ್ಲರಿಗೂ ತೆರೆದ ಮೇಲೆ ಕೆಲವು ಕಾಲವಾದರೂ ನಮ್ಮ ದಾರಿಗಳಲ್ಲಿ ಒಂದು ಅಪೂರ್ವವಾದ ದೃಶ್ಯವಿದ್ದಿತು. ನಂಜನಗೂಡಿನ ಜಾತ್ರೆಯ ಮರುದಿನ ಬಸ್ಸುನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಂದೇ ಬೆಂಚಿನ ಮೇಲೆ ಶಾನುಭೋಗರೂ, ರೇಷ್ಮೆಯ ವ್ಯಾಪಾರಿಯೂ, ಕೂಲಿಯ ಹೆಂಗಸೂ ಮೊಳಕೈ ತಾಕಿಸಿಕೊಂಡು ಕುಳಿತು, ಒಂದೇ ಬಕೀಟಿನ ಸಾಂಬಾರನ್ನು ಬಡಿಸಿಕೊಂಡು ಉಂಡುದನ್ನು ನಾವು ಕಂಡಿದ್ದೇವೆ. ಮದುವೆಯ ಮನೆಯಲ್ಲಿ, ಮಠದಲ್ಲಿ, ಕಡೆಗೆ ಮಸಣದಲ್ಲಿಯೂ ಒಟ್ಟಿಗಿರದ ಜನರು ಹೋಟೆಲಿನ ಬೆಂಚಿನಲ್ಲಿ ಒಟ್ಟಿಗಿದ್ದರು. ಸಮಾಜಸುಧಾರಕರು ಸಹಪಂಕ್ತಿ ಭೋಜನಗಳನ್ನು ಏರ್ಪಡಿಸಿ ಭಾಷಣಮಾಡಿ ಸಾಧಿಸಲೆತ್ನಿಸಿದುದನ್ನು ಬಸ್ಸಿನ ಅವಸರವೂ ಹಸಿವೂ ಕೂಡಿ ಸದ್ದಿಲ್ಲದೆ ಸಾಧಿಸಿದುವು. ಅನ್ನವನ್ನು ಮಾರುವುದು ಹೀನವೆಂದು ಹಿರಿಯರು ಭಾವಿಸಿದ್ದರಷ್ಟೆ? ದಾನದ ಅನ್ನವು ಪಂಕ್ತಿಯನ್ನು ವಿಂಗಡಿಸಿತು. ಮಾರಿದ ಅನ್ನವು ತಡವಾಗಿಯಾದರೂ ಪಂಕ್ತಿಯನ್ನು ಕೂಡಿಸಿತು. ಇದು ಈ ಲೇಖಕನ ಸಿದ್ಧಾಂತ. ಒಪ್ಪುವುದೂ ಬಿಡುವುದೂ ವಾಚಕರ ಚಿತ್ತ.

ಆ ಬೆಂಚು ಈಗ ಸವೆಯುತ್ತಿದೆ. ಬೆಂಗಳೂರಿನಲ್ಲಿ 1980ರ ದಶಕದಿಂದ ಹರಡಿದ ದರ್ಶಿನಿಗಳಲ್ಲಿ ಜಾತಿಯನ್ನು ಯಾರೂ ಕೇಳುವುದಿಲ್ಲ. ಕುಳ್ಳಿರೆಂದೂ ಯಾರೂ ಹೇಳುವುದಿಲ್ಲ. ಎಲ್ಲರೂ ಸಮಾನರಾಗಿ ನಿಂತು, ಸಮಾನವಾದ ಅವಸರದಲ್ಲಿ ತಿಂದು, ಒಬ್ಬರ ಮುಖವನ್ನೊಬ್ಬರು ನೋಡದೆ ಹೊರಡುವರು. ಹೆದ್ದಾರಿಗಳ ಗತಿಯೂ ಹೀಗೆಯೇ. ಬೆಂಗಳೂರಿನಿಂದ ಮೈಸೂರಿಗೆ ಆಗಿರುವ ಹೊಸ ವೇಗದ ರಸ್ತೆಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಿದರು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳೊಳಗೆ ಹೊಗದೆ ಹೊರಗಿನಿಂದಲೇ ಹಾಯ್ದುಹೋಗುವುದರಿಂದ ಪ್ರಯಾಣದ ಕಾಲವು ಬಹಳ ಮಿಕ್ಕಿತು. ಆದರೆ ಬಿಡದಿಯ ತಟ್ಟೆ ಇಡ್ಲಿಗಾಗಿ, ಮದ್ದೂರಿನ ವಡೆಗಾಗಿ ಗಾಡಿ ನಿಲ್ಲಿಸುತ್ತಿದ್ದವರು ಈಗ ತಡೆಬೇಲಿಯಾಚೆಯಿಂದ ಆ ಊರುಗಳನ್ನು ದೂರದಿಂದ ನೋಡಿಕೊಂಡು ಹೋಗುವರು. ಹಳೆಯ ದಾರಿಯ ಎಷ್ಟೋ ಹೋಟೆಲುಗಳಲ್ಲಿ ಗಿರಾಕಿಗಳು ಇಳಿದುಹೋದರು.

ವೇಗವು ಬೇಡವೆಂದು ನಾವು ಹೇಳಲಾರೆವು. ಛತ್ರದ ಕಾಲಕ್ಕೆ ಹಿಂದಿರುಗೆಂದು ಹೇಳುವುದು ಇನ್ನೂ ಅವಿವೇಕ. ಹೇಳಬಹುದಾದುದು ಇಷ್ಟೇ. ಹಳೆಯ ಹೋಟೆಲನ್ನು ನೆನೆವಾಗ ಅದರ ಕಾಫಿಯ ಪರಿಮಳದೊಡನೆ ಗೋಡೆಯ ಮೊಳೆಯನ್ನೂ ನೆನೆಯಬೇಕು. ಆ ಮೊಳೆಯನ್ನು ಕೀಳಲು ಎಷ್ಟು ವರ್ಷ ಹಿಡಿಯಿತೆಂದು ಬಲ್ಲವರಿಗೆ ಮಾತ್ರ ಆ ಬೆಂಚಿನ ಬೆಲೆ ತಿಳಿದೀತು.

ನಮ್ಮ ಗಾಡಿಯ ಆಳು ಕಾಲವಾಗಿ ಬಹಳ ವರ್ಷಗಳಾದುವು. ಹಲವು ವರ್ಷಗಳ ಹಿಂದೆ ನಂಜನಗೂಡಿನಲ್ಲಿ ಬಸ್ಸಿಗೆ ಕಾಯುತ್ತ ಹೋಟೆಲೊಂದನ್ನು ಹೊಕ್ಕಾಗ, ಒಳಗೆ ಕಿಟಕಿಯ ಬಳಿಯ ಮೇಜಿನಲ್ಲಿ ಅವನ ಮೊಮ್ಮಗನು ಕುಳಿತಿದ್ದನು, ಶಾಲೆಯ ಮೇಷ್ಟರಾಗಿದ್ದಾನೆ. ನನ್ನನ್ನು ಕಂಡು ಎದ್ದು, “ಬನ್ನಿ ಸಾರ್, ಇಲ್ಲೇ ಕೂತ್ಕೊಳ್ಳಿ” ಎಂದು ತನ್ನ ಎದುರಿನ ಕುರ್ಚಿಯನ್ನು ಎಳೆದುಕೊಟ್ಟನು. ಇಬ್ಬರೂ ದೋಸೆ ತಿಂದೆವು. ದುಡ್ಡನ್ನು ನಾನು ಕೊಡಹೋದರೆ ಅವನು ಬಿಡಲಿಲ್ಲ.